ಹಾಲ್ಡೇನನೂ ಶಿರಸ್ತ್ರಾಣದೊಳಗಿನ ಗಾಳಿಯೂ

ಮನುಷ್ಯನು ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ಬದುಕಬಲ್ಲನು. ಗಾಳಿಯಿಲ್ಲದೆ ಕೆಲವು ನಿಮಿಷಗಳನ್ನೂ ಕಳೆಯಲಾರನು. ಆದರೂ ಅನ್ನದ ರುಚಿಯನ್ನೂ ನೀರಿನ ತಿಳಿಯನ್ನೂ ವಿಚಾರಿಸುವಷ್ಟು ನಾವು ಗಾಳಿಯ ವಿಚಾರವನ್ನು ಕೇಳುವುದಿಲ್ಲ. ಕಣ್ಣಿಗೆ ಕಾಣದ ವಸ್ತುವಾದ್ದರಿಂದ ಅದು ಎಲ್ಲೆಡೆಯೂ ಒಂದೇ ಬಗೆಯಾಗಿರುವುದೆಂದು ನಂಬಿಬಿಡುತ್ತೇವೆ. ಈ ನಂಬಿಕೆಯನ್ನು ಒಪ್ಪದೆ, ಬಡವರ ಕೋಣೆಯ ಗಾಳಿ, ಗಣಿಯ ಗಾಳಿ, ರೈಲು ಸುರಂಗದ ಗಾಳಿ, ಸಮುದ್ರದಡಿಯಲ್ಲಿ ಮುಳುಗುಗಾರನು ತೊಟ್ಟ ಲೋಹದ ಶಿರಸ್ತ್ರಾಣದೊಳಗಿನ ಗಾಳಿ, ಇವೆಲ್ಲವನ್ನೂ ಸೀಸೆಗಳಲ್ಲಿ ಹಿಡಿದು ತಂದು ಅಳೆದು ನೋಡಿದ ಮಹನೀಯನೊಬ್ಬನಿದ್ದನು. ಆತನೇ ಜಾನ್ ಸ್ಕಾಟ್ ಹಾಲ್ಡೇನ್.

ನಮ್ಮ ಕಾಲೇಜಿಗೆ ಮೋಟಾರ್ ಸೈಕಲ್ಲಿನ ಮೇಲೆ ಬರುವ ಮಿತ್ರರು ಬಹುಮಂದಿ. ಅವರಲ್ಲಿ ಹಲವರು ಹೆಲ್ಮೆಟ್ಟನ್ನು ತಲೆಗೆ ಹಾಕದೆ ಮೊಳಕೈಗೆ ತೂಗಹಾಕಿಕೊಂಡು ಬರುವುದುಂಟು. ಕೇಳಿದರೆ, ಒಳಗೆ ಉಸಿರು ಕಟ್ಟುತ್ತದೆ, ಸೆಕೆಯಾಗುತ್ತದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ದೂರಿನಲ್ಲಿ ಎಷ್ಟು ನಿಜವಿದೆ, ಎಷ್ಟು ನೆಪವಿದೆ ಎಂದು ತಿಳಿಯಬೇಕಾದರೆ ಹಾಲ್ಡೇನನ ಬಾಳನ್ನು ಅರಿಯುವುದು ಒಳ್ಳೆಯದು. ಆತನು ಮೋಟಾರ್ ಸೈಕಲ್ ಸವಾರರಿಗಾಗಿ ಹೆಲ್ಮೆಟ್ ಮಾಡಿದವನಲ್ಲ. ಆದರೆ ಶಿರಸ್ತ್ರಾಣದೊಳಗೆ ಉಸಿರು ಏಕೆ ಕಟ್ಟುತ್ತದೆಂಬುದನ್ನು ಊಹೆಯಿಂದಲ್ಲದೆ ಅಳತೆಯಿಂದ ತೋರಿಸಿಕೊಟ್ಟವರಲ್ಲಿ ಆತನಿಗೆ ಮೊದಲ ಸ್ಥಾನ ಸಲ್ಲಬೇಕು.

ಹಾಲ್ಡೇನನು 1860ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದನು. ತಂದೆ ರಾಬರ್ಟ್ ಹಾಲ್ಡೇನ್ ವಕೀಲನು. ಮನೆತನ ಹಳೆಯದು, ವಿದ್ಯೆಯಲ್ಲಿಯೂ ಧರ್ಮಶ್ರದ್ಧೆಯಲ್ಲಿಯೂ ಹೆಸರಾದುದು. ಅಣ್ಣ ರಿಚರ್ಡನು ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಯೂ ಲಾರ್ಡ್ ಚಾನ್ಸಲರನೂ ಆದನು. ತಂಗಿ ಎಲಿಜಬೆತ್ ಲೇಖಕಿಯೆಂದು ಹೆಸರು ಪಡೆದಳು. ಜಾನನು ಮಾತ್ರ ರಾಜಕಾರಣದ ಕಡೆಗೆ ತಿರುಗದೆ ವೈದ್ಯಶಾಸ್ತ್ರವನ್ನು ಓದಿ, 1884ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದನು. ಆದರೆ ಔಷಧದ ಸೀಸೆ ಹಿಡಿದು ರೋಗಿಗಳ ಮನೆಬಾಗಿಲಿಗೆ ಹೋಗುವ ವೃತ್ತಿಗಿಂತ, ಆರೋಗ್ಯವಂತರು ರೋಗಿಗಳಾಗುವುದೇಕೆ ಎಂಬ ಪ್ರಶ್ನೆಯೇ ಆತನನ್ನು ಹೆಚ್ಚಾಗಿ ಸೆಳೆಯಿತು.

ಆತನು ಮೊದಲು ಕೆಲಸಕ್ಕೆ ಸೇರಿದ್ದು ಡಂಡೀ ನಗರದ ಕಾಲೇಜಿನಲ್ಲಿ. ನಮ್ಮ ಬಂಗಾಳದ ಸೆಣಬನ್ನು ನೂತು ನೇಯ್ದು ಬದುಕುತ್ತಿದ್ದ ಊರು ಅದು. ಗಿರಣಿಯ ಕೂಲಿಕಾರರು ಒಂದೊಂದು ಕೋಣೆಯ ಮನೆಗಳಲ್ಲಿ ಕಿಕ್ಕಿರಿದು ವಾಸಿಸುತ್ತಿದ್ದರು. ಕಾರ್ನೆಲಿ ಎಂಬ ರಸಾಯನ ಪ್ರಾಧ್ಯಾಪಕನೊಡನೆ ಹಾಲ್ಡೇನನು ನಡುರಾತ್ರಿ ಕಳೆದ ಮೇಲೆ ಈ ಮನೆಗಳ ಬಾಗಿಲು ತಟ್ಟಿ, ಮಲಗಿದ್ದವರ ನಡುವೆ ನಿಂತು, ಕೋಣೆಯ ಗಾಳಿಯನ್ನು ಸೀಸೆಗಳಿಗೆ ತುಂಬಿಕೊಳ್ಳುತ್ತಿದ್ದನು. ಹಗಲಿನಲ್ಲಿ ಬಾಗಿಲು ತೆರೆದಿರುವಾಗ ಹೋದರೆ ನಿಜಸ್ಥಿತಿ ತಿಳಿಯದೆಂದು ಆತನ ವಾದ. ಶಾಲೆಗಳ ಗಾಳಿಯನ್ನೂ ಒಳಚರಂಡಿಗಳ ಗಾಳಿಯನ್ನೂ ಹೀಗೆಯೇ ಪರೀಕ್ಷಿಸಿದರು. 1887ರಲ್ಲಿ ಪ್ರಕಟವಾದ ಫಲ ಬೆರಗುಗೊಳಿಸುವಂತಿತ್ತು. ಜನರು ಹೆದರಿ ಮೂಗು ಮುಚ್ಚಿಕೊಳ್ಳುತ್ತಿದ್ದ ಒಳಚರಂಡಿಯ ಗಾಳಿಯಲ್ಲಿ ಸೂಕ್ಷ್ಮಜೀವಿಗಳು ಎಣಿಸಿದುದಕ್ಕಿಂತ ಬಹಳ ಕಡಿಮೆಯಾಗಿದ್ದವು. ಯಾರೂ ಹೆದರದೆ ಮಲಗುತ್ತಿದ್ದ ಒಂಟಿ ಕೋಣೆಗಳ ಗಾಳಿಯೇ ಕೆಟ್ಟಿತ್ತು. ಅಲ್ಲಿಯೇ ಸಾವಿನ ಪ್ರಮಾಣವೂ ಹೆಚ್ಚಾಗಿತ್ತು. ಮೂಗು ಹೇಳುವ ಸಾಕ್ಷಿಯನ್ನು ಅಳತೆಯಿಲ್ಲದೆ ನಂಬಬಾರದೆಂಬುದು ಆತನಿಗೆ ಅಂದೇ ಮನದಟ್ಟಾಯಿತು.

ಅದೇ ವರ್ಷ ಹಾಲ್ಡೇನನು ಆಕ್ಸ್‌ಫರ್ಡಿಗೆ ಬಂದನು. ಅಲ್ಲಿ ಆತನ ಸೋದರಮಾವ ಬರ್ಡನ್ ಸ್ಯಾಂಡರ್ಸನ್ ಶರೀರಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ಆ ಕಾಲದಲ್ಲಿ ವಿದ್ವಾಂಸರ ನಡುವೆ ಒಂದು ವಿವಾದವಿತ್ತು. ಜನ ತುಂಬಿದ ಕೋಣೆಯಲ್ಲಿ ತಲೆನೋವು, ಮಂಪರು ಬರುವುದು ಯಾವುದರಿಂದ? ನಾವು ಹೊರಬಿಡುವ ಉಸಿರಿನಲ್ಲಿ ಹೆಸರು ತಿಳಿಯದ ಯಾವುದೋ ವಿಷವಿದೆಯೆಂದು ಕೆಲವರು ಸಾಧಿಸುತ್ತಿದ್ದರು. ಹಾಲ್ಡೇನನೂ ಲೊರೇನ್ ಸ್ಮಿತ್ ಎಂಬ ಸಹೋದ್ಯೋಗಿಯೂ ಗಾಳಿಯಾಡದ ಪೆಟ್ಟಿಗೆಯೊಂದನ್ನು ಮಾಡಿಸಿ, ತಾವೇ ಅದರೊಳಗೆ ಗಂಟೆಗಟ್ಟಲೆ ಕುಳಿತರು. ಆಮ್ಲಜನಕವು ಕಡಿಮೆಯಾಗುತ್ತ, ಇಂಗಾಲಾಮ್ಲವಾಯು, ಎಂದರೆ ಇಂದು ನಾವು ಇಂಗಾಲದ ಡೈ ಆಕ್ಸೈಡ್ ಎನ್ನುವ ಅನಿಲ, ಹೆಚ್ಚುತ್ತ ಹೋಯಿತು. ನೂರಕ್ಕೆ ಮೂರು ನಾಲ್ಕು ಭಾಗವಾಗುವ ಹೊತ್ತಿಗೆ ಏದುಸಿರು ಬಂದಿತು. ಇನ್ನೂ ಏರಿದಾಗ ತಲೆ ಸಿಡಿಯತೊಡಗಿತು. ಈ ಅನಿಲವನ್ನು ಹೀರಿ ತೆಗೆದುಹಾಕಿದಾಗ, ಅದೇ ಹಳೆಯ ಉಸಿರಿನ ಗಾಳಿಯಲ್ಲಿಯೂ ಆ ಏದುಸಿರು ಕಾಣಲಿಲ್ಲ. ಬೇರೆ ವಿಷವೆಂಬುದೇನೂ ಇಲ್ಲ, ನಾವು ಬಿಟ್ಟ ಇಂಗಾಲಾಮ್ಲವೇ ನಮ್ಮನ್ನು ಪೀಡಿಸುತ್ತದೆ ಎಂದು 1893ರ ಹೊತ್ತಿಗೆ ನಿರ್ಧಾರವಾಯಿತು.

ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಅನಿಲವಿದೆ. ಇಂಗಾಲವು ಪೂರ್ತಿಯಾಗಿ ಉರಿಯದಿದ್ದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡ್ ಅದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ಆಮ್ಲಜನಕಕ್ಕೆ ಎಡೆಯೇ ಇಲ್ಲದಂತೆ ಮಾಡುತ್ತದೆ. 1895ರಲ್ಲಿ ಹಾಲ್ಡೇನನು ಇದನ್ನು ತನ್ನ ಮೇಲೆಯೇ ಪ್ರಯೋಗಿಸಿ ನೋಡಿದನು. ಒಂದು ಗಂಟೆಗೂ ಮೀರಿ ಈ ಅನಿಲ ಬೆರೆತ ಗಾಳಿಯನ್ನು ಸೇದುತ್ತ, ನಡುನಡುವೆ ಬೆರಳು ಚುಚ್ಚಿ ರಕ್ತ ತೆಗೆದು ಪರೀಕ್ಷಿಸುತ್ತ ಕುಳಿತನು. ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗ ವಿಷದಿಂದ ತುಂಬಿ, ಕಾಲು ನಿಲ್ಲದೆ ದೃಷ್ಟಿ ಮಂಕಾದ ಮೇಲೆಯೇ ಪ್ರಯೋಗ ನಿಲ್ಲಿಸಿದ್ದು. ಉಸಿರು ಕಟ್ಟಿದಂತೆ ಅನ್ನಿಸದಿರುವುದೇ ಈ ವಿಷದ ಮೋಸವೆಂದು ಆತನು ಕಂಡುಕೊಂಡನು. ಇಂಗಾಲಾಮ್ಲವು ಬಾಗಿಲು ತಟ್ಟಿ ಬರುತ್ತದೆ. ಮಾನಾಕ್ಸೈಡ್ ಕಳ್ಳನಂತೆ ಬರುತ್ತದೆ.

ಮರುವರ್ಷ, 1896ರ ಜನವರಿಯಲ್ಲಿ, ವೇಲ್ಸ್ ಪ್ರಾಂತದ ಟೈಲರ್ಸ್‌ಟೌನ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತರು. ಹಾಲ್ಡೇನನು ಗಣಿಗಿಳಿದು ಶವಗಳನ್ನು ಪರೀಕ್ಷಿಸಿದನು. ಸಿಡಿತದ ಹೊಡೆತಕ್ಕೆ ಸತ್ತವರು ಕೆಲವರೇ. ಹೆಚ್ಚಿನವರು ಸ್ಫೋಟದ ಅನಂತರ ಸುರಂಗಗಳಲ್ಲಿ ಹರಡಿದ ಮಾನಾಕ್ಸೈಡಿನಿಂದ ಸತ್ತಿದ್ದರು. ಎಂದರೆ, ಸಕಾಲದಲ್ಲಿ ಎಚ್ಚರಿಕೆ ದೊರೆತಿದ್ದರೆ ಹಲವರು ಉಳಿಯಬಹುದಾಗಿತ್ತು. ಸಣ್ಣ ಪ್ರಾಣಿಗಳು ಬೇಗಬೇಗ ಉಸಿರಾಡುವುದರಿಂದ ಮನುಷ್ಯನಿಗಿಂತ ಮೊದಲೇ ವಿಷಕ್ಕೆ ತುತ್ತಾಗುತ್ತವೆ. ಆದುದರಿಂದ ರಕ್ಷಣಾದಳದವರು ಇಲಿಯನ್ನೋ ಹಕ್ಕಿಯನ್ನೋ ಜೊತೆಗೆ ಒಯ್ಯಬೇಕೆಂದು ಆತನು ಸಲಹೆಮಾಡಿದನು. ಗಣಿಗಳಲ್ಲಿ ಪ್ರಸಿದ್ಧವಾದ ಪಂಜರದ ಕೆನೇರಿ ಹಕ್ಕಿಯ ಕಥೆಗೆ ಮೂಲವಿದೇ. ಬ್ರಿಟನ್ನಿನಲ್ಲಿ ಈ ಹಕ್ಕಿಗಳ ಬಳಕೆ 1986ರವರೆಗೂ ನಡೆಯಿತು. ಅನಂತರ ಅವುಗಳ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು.

ಲಂಡನ್ನಿನ ಮೆಟ್ರೊಪಾಲಿಟನ್ ರೈಲು ಆಗ ನೆಲದಡಿಯ ಸುರಂಗಗಳಲ್ಲಿ ಉಗಿಯಂತ್ರದಿಂದ ಓಡುತ್ತಿತ್ತು. ಹೊಗೆಯಿಂದ ಕಂಗೆಟ್ಟ ಪ್ರಯಾಣಿಕರ ದೂರಿನ ಮೇಲೆ 1897ರಲ್ಲಿ ಸರಕಾರ ವಿಚಾರಣೆ ನಡೆಸಿತು. ಹಾಲ್ಡೇನನು ಓಡುವ ರೈಲಿನ ಕಿಟಕಿಯಿಂದ ಸೀಸೆ ಹಿಡಿದು ಗಾಳಿ ಸಂಗ್ರಹಿಸಿ, ಅದರಲ್ಲಿ ಗಂಧಕದ ಹೊಗೆಯೊಂದಿಗೆ ಮಾನಾಕ್ಸೈಡೂ ಇರುವುದನ್ನು ತೋರಿಸಿದನು. ಗಾಳಿಕಂಡಿಗಳನ್ನು ಹೆಚ್ಚಿಸಿದರೆ ಸಾಕೆ, ಉಗಿಯಂತ್ರವನ್ನೇ ತೆಗೆಯಬೇಕೆ ಎಂಬ ಪ್ರಶ್ನೆ ಎದ್ದಿತು. ಕೊನೆಗೆ 1905ರಲ್ಲಿ ಆ ಮಾರ್ಗಕ್ಕೆ ವಿದ್ಯುತ್ ರೈಲು ಬಂದಿತು. ಹೊಗೆಯ ಮೂಲವೇ ಹೋದ ಮೇಲೆ ದೂರಿಗೂ ಅವಕಾಶವಿಲ್ಲವಾಯಿತು.

ಆ 1905ನೆಯ ವರ್ಷವು ಹಾಲ್ಡೇನನ ಜೀವನದಲ್ಲಿ ಮುಖ್ಯವಾದುದು. ಪ್ರೀಸ್ಟ್ಲಿ ಎಂಬ ಕಿರಿಯ ಸಹೋದ್ಯೋಗಿಯೊಡನೆ ಆತನು ಉಸಿರಾಟದ ಮೂಲಸೂತ್ರವನ್ನು ಕಂಡುಹಿಡಿದನು. ನಾವು ಎಷ್ಟು ವೇಗವಾಗಿ ಉಸಿರಾಡಬೇಕೆಂಬುದನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಆಮ್ಲಜನಕದ ಕೊರತೆಯಲ್ಲ; ಶ್ವಾಸಕೋಶದ ಗೂಡುಗಳಲ್ಲಿನ ಇಂಗಾಲಾಮ್ಲದ ಪ್ರಮಾಣ. ಅದು ನೂರಕ್ಕೆ ಕಾಲುಭಾಗದಷ್ಟು ಏರಿದರೂ ಸಾಕು, ಉಸಿರಾಟ ಇಮ್ಮಡಿಯಾಗುವುದು. ಅದೇ ವರ್ಷ ಬಿಸಿಗಾಳಿಯ ವಿಷಯದಲ್ಲಿಯೂ ಒಂದು ಶೋಧನೆ ನಡೆಯಿತು. ದೇಹವು ಸೆಕೆಯನ್ನು ತಾಳುವುದು ಬರಿಯ ಉಷ್ಣತೆಯನ್ನು ಅವಲಂಬಿಸಿಲ್ಲ. ಬೆವರು ಆರುವುದನ್ನು ಅವಲಂಬಿಸಿದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ನಿಂತ ಗಾಳಿಯಲ್ಲಿ 31 ಡಿಗ್ರಿ ಸೆಂಟಿಗ್ರೇಡನ್ನು ದಾಟಿತೆಂದರೆ, ಸುಮ್ಮನೆ ಕುಳಿತವನ ಮೈಯುಷ್ಣವೂ ಏರತೊಡಗುತ್ತದೆ. ಗಾಳಿ ಬೀಸುತ್ತಿದ್ದರೆ ಇನ್ನೂ ಸ್ವಲ್ಪ ಹೆಚ್ಚಿನ ಸೆಕೆಯನ್ನು ತಡೆಯಬಹುದು.

ಹೀಗೆ ಉಸಿರು, ಸೆಕೆ, ವಿಷ ಮೂರನ್ನೂ ಅರಿತವನ ಮುಂದೆ ಬ್ರಿಟಿಷ್ ನೌಕಾಪಡೆಯು ತನ್ನ ತೊಡಕನ್ನು ತಂದಿರಿಸಿತು. ಆ ಕಾಲದ ಮುಳುಗುಗಾರರು ತಾಮ್ರದ ಗುಂಡಾದ ಶಿರಸ್ತ್ರಾಣವನ್ನು ತೊಟ್ಟು ಸಮುದ್ರಕ್ಕಿಳಿಯುತ್ತಿದ್ದರು. ಮೇಲೆ ದೋಣಿಯಲ್ಲಿದ್ದವರು ಕೈಪಂಪಿನಿಂದ ಕೊಳವೆಯ ಮೂಲಕ ಗಾಳಿ ಒದಗಿಸುತ್ತಿದ್ದರು. ಹೆಚ್ಚು ಆಳಕ್ಕೆ ಹೋದವರು ಸ್ವಲ್ಪ ಕೆಲಸ ಮಾಡುವಷ್ಟರಲ್ಲಿಯೇ ಏದುತ್ತ, ಕೆಲವರು ಎಚ್ಚರ ತಪ್ಪಿ ಬೀಳುತ್ತಿದ್ದರು. ಇದು ನೀರಿನ ಒತ್ತಡದ ಫಲ, ಮನುಷ್ಯದೇಹಕ್ಕೆ ಇಷ್ಟೇ ಮಿತಿ ಎಂದು ಅನುಭವಸ್ಥರು ಕೈಚೆಲ್ಲಿದ್ದರು. 1905ರಲ್ಲಿ ನೇಮಕವಾದ ಸಮಿತಿಯಲ್ಲಿ ಕುಳಿತ ಹಾಲ್ಡೇನನು ಎಂದಿನಂತೆ ಸೀಸೆಗಳನ್ನು ತರಿಸಿದನು. ಆಳದಲ್ಲಿದ್ದ ಮುಳುಗುಗಾರನ ಶಿರಸ್ತ್ರಾಣದೊಳಗಿನ ಗಾಳಿಯನ್ನೇ ಹಿಡಿಸಿ ಪರೀಕ್ಷಿಸಿದನು. ಅದು ಇಂಗಾಲಾಮ್ಲದಿಂದ ತುಂಬಿತ್ತು.

ಕಾರಣ ಸರಳವಾದುದು. ಸಮುದ್ರದಲ್ಲಿ 33 ಅಡಿ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ. ಮೇಲಿನಿಂದ ಕಳುಹಿದ ಗಾಳಿ ಕುಗ್ಗಿ ಅರ್ಧವಾಗುತ್ತದೆ. 165 ಅಡಿಯಲ್ಲಿ ಅದು ಆರರಲ್ಲೊಂದು ಪಾಲಾಗುತ್ತದೆ. ಮನುಷ್ಯನು ಬಿಡುವ ಇಂಗಾಲಾಮ್ಲವಾದರೋ ಆಳದಲ್ಲಿಯೂ ಅಷ್ಟೇ ಇರುತ್ತದೆ. ಅದನ್ನು ತೊಳೆದೊಯ್ಯುವ ಗಾಳಿ ಮಾತ್ರ ಸಾಲದಾಗುತ್ತದೆ. ಇದರ ಮೇಲೆ ನೌಕಾಪಡೆಯ ಪಂಪುಗಳನ್ನು ಪರೀಕ್ಷಿಸಿದಾಗ, ಒತ್ತಡ ಏರಿದಂತೆಲ್ಲ ಅವುಗಳಿಂದ ಗಾಳಿ ಸೋರಿಹೋಗುತ್ತಿದ್ದುದು ಬೆಳಕಿಗೆ ಬಂದಿತು. ದೋಷವು ಮುಳುಗುಗಾರನ ಎದೆಯಲ್ಲಿರಲಿಲ್ಲ, ಪಂಪಿನಲ್ಲಿದ್ದಿತು. ಪ್ರತಿಯೊಬ್ಬನಿಗೂ ನಿಮಿಷಕ್ಕೆ ಒಂದೂವರೆ ಘನ ಅಡಿ ಗಾಳಿ, ಅದೂ ಅವನಿರುವ ಆಳದ ಒತ್ತಡದಲ್ಲಿ ಅಳೆದು, ದೊರೆಯಬೇಕೆಂದು ಹಾಲ್ಡೇನನು ನಿಯಮ ಮಾಡಿದನು. 1906ರಲ್ಲಿ ಸ್ಕಾಟ್ಲೆಂಡಿನ ಕಡಲಲ್ಲಿ ಡಾಮಂಟ್ ಮತ್ತು ಕ್ಯಾಟೊ ಎಂಬ ಇಬ್ಬರು ಈ ನಿಯಮದಂತೆ 210 ಅಡಿ ಆಳಕ್ಕಿಳಿದು ಕ್ಷೇಮವಾಗಿ ಮೇಲೆ ಬಂದರು. ಆ ಸಮಯದಲ್ಲಿ 13 ವರ್ಷದ ಮಗ ಜ್ಯಾಕ್‌ನಿಗೂ ತಂದೆ ಮುಳುಗುವ ಉಡುಪು ತೊಡಿಸಿ ನೀರಿಗಿಳಿಸಿದನು. ಉಡುಪು ದೊಡ್ಡದಾಗಿ, ಮಣಿಕಟ್ಟಿನ ಬಳಿ ನೀರು ನುಗ್ಗಿದರೂ ಹುಡುಗ ಹೆದರಲಿಲ್ಲವಂತೆ. ಆಳದಿಂದ ಹಂತಹಂತವಾಗಿ ಮೇಲೇರುವ ಕ್ರಮವನ್ನು ಆಡುಗಳ ಮೇಲಿನ ಪ್ರಯೋಗದಿಂದ ರೂಪಿಸಿ 1908ರಲ್ಲಿ ಪ್ರಕಟಿಸಿದ್ದೂ ಹಾಲ್ಡೇನನೇ. ಮುಂದಿನ ಮುಳುಗುಶಾಸ್ತ್ರಕ್ಕೆಲ್ಲ ಅದು ತಳಹದಿಯಾಯಿತು.

ಹಾಲ್ಡೇನನು ಹೆಂಡತಿಮಕ್ಕಳಿಂದ ತನ್ನ ಶಾಸ್ತ್ರವನ್ನು ಮರೆಮಾಡಿದವನಲ್ಲ. ಒಮ್ಮೆ ಗಣಿಯಲ್ಲಿ ಜ್ಯಾಕ್‌ನನ್ನು ಎತ್ತರದಲ್ಲಿ ನಿಲ್ಲಿಸಿ, ಷೇಕ್ಸ್‌ಪಿಯರನ ನಾಟಕದ ಆಂಟನಿಯ ಭಾಷಣವನ್ನು ಹೇಳಿಸಿದನು. ಮೇಲ್ಗಡೆ ತುಂಬಿದ್ದ ಮೀಥೇನ್ ಅನಿಲದಿಂದ ಹುಡುಗನು ಸ್ವಲ್ಪದರಲ್ಲಿಯೇ ಕುಸಿದನು. ನೆಲದ ಬಳಿಯ ಗಾಳಿ ಚೆನ್ನಾಗಿದ್ದುದರಿಂದ ಕೂಡಲೇ ಚೇತರಿಸಿಕೊಂಡನು. ಆ ಅನಿಲವು ಗಾಳಿಗಿಂತ ಹಗುರವೆಂಬ ಪಾಠವನ್ನು ಅವನು ಎಂದಿಗೂ ಮರೆಯಲಿಲ್ಲ. ಆ ಹುಡುಗನೇ ಮುಂದೆ ಜೆ. ಬಿ. ಎಸ್. ಹಾಲ್ಡೇನ್ ಎಂದು ಜಗತ್ಪ್ರಸಿದ್ಧನಾದ ತಳಿವಿಜ್ಞಾನಿ. ಆತನು 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1961ರಲ್ಲಿ ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನು.

1915ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನರು ಶತ್ರುಗಳ ಮೇಲೆ ವಿಷಾನಿಲ ಬಿಟ್ಟರು. ಯುದ್ಧಮಂತ್ರಿ ಕಿಚನರನು ಹಾಲ್ಡೇನನನ್ನು ಒಡನೆಯೇ ರಣರಂಗಕ್ಕೆ ಕಳುಹಿಸಿದನು. ಅದು ಕ್ಲೋರಿನ್ ಎಂದು ಆತನು ಗುರುತಿಸಿ ಬಂದನು. ಅಷ್ಟರಲ್ಲಿ ಪತ್ರಿಕೆಯೊಂದರ ಕರೆಗೆ ಓಗೊಟ್ಟು ಇಂಗ್ಲೆಂಡಿನ ಮಹಿಳೆಯರು ಸೈನಿಕರಿಗಾಗಿ ಹತ್ತಿಯ ಮೂಗುಪಟ್ಟಿಗಳನ್ನು ರಾಶಿರಾಶಿಯಾಗಿ ಹೊಲಿದಿದ್ದರು. ಒಣಗಿದ್ದರೆ ಅವು ಅನಿಲವನ್ನು ತಡೆಯುತ್ತಿರಲಿಲ್ಲ. ಒದ್ದೆ ಮಾಡಿದರೆ ಉಸಿರನ್ನೇ ಬಿಡುತ್ತಿರಲಿಲ್ಲ. ಸದುದ್ದೇಶವಿದ್ದರೂ ಶಾಸ್ತ್ರವಿಲ್ಲದ ಆ ಪಟ್ಟಿಯನ್ನು ನಂಬಿದವನಿಗೆ ಮರಣವೇ ಗತಿಯಾಗಿತ್ತು. ಹಾಲ್ಡೇನನು ಆಕ್ಸ್‌ಫರ್ಡಿನ ತನ್ನ ಮನೆಯಲ್ಲಿಯೇ ವಿಷಾನಿಲದ ಕೋಣೆಯನ್ನು ಹೂಡಿ, ಗೆಳೆಯರೊಡನೆ ಅದರೊಳಗೆ ಹೋಗಿ ಕೆಮ್ಮುತ್ತ, ಯಾವ ಬಟ್ಟೆ ಯಾವ ದ್ರಾವಣದಲ್ಲಿ ನೆನೆದರೆ ತಡೆದೀತೆಂದು ಪರೀಕ್ಷಿಸಿದನು. ಮನೆಯವರ ಕಾಲುಚೀಲ, ಕೊರಳವಸ್ತ್ರಗಳೆಲ್ಲ ಪ್ರಯೋಗಕ್ಕೆ ಬಲಿಯಾದವು. ಹೈಪೊ ಎಂಬ ಲವಣದ ದ್ರಾವಣದಲ್ಲಿ ಅದ್ದಿದ ಹತ್ತಿಯ ಮುಸುಕು ಸೈನಿಕರಿಗೆ ಮೊದಲ ರಕ್ಷೆಯಾಯಿತು. ವಿಷಾನಿಲಕ್ಕೆ ಸಿಕ್ಕಿ ನರಳುತ್ತಿದ್ದವರಿಗೆ ಆಮ್ಲಜನಕ ಕೊಡುವ ಉಪಕರಣವನ್ನೂ ಆತನು ಯುದ್ಧಕಾಲದಲ್ಲಿಯೇ ರೂಪಿಸಿದನು.

ಆಕ್ಸ್‌ಫರ್ಡಿನ ಶರೀರಶಾಸ್ತ್ರದ ಪ್ರಾಧ್ಯಾಪಕ ಪೀಠ ಆತನಿಗೆ ಕೊನೆಗೂ ದೊರೆಯಲಿಲ್ಲ. ಗಣಿಗಾರರ ಆರೋಗ್ಯಕ್ಕೆಂದು ಸ್ಥಾಪಿತವಾದ ಸಂಶೋಧನಾಲಯದ ನಿರ್ದೇಶಕನಾಗಿ, ಗಣಿಗಳಿಗಿಳಿಯುತ್ತಲೇ ಆತನು ಮುದುಕನಾದನು. ತತ್ತ್ವಶಾಸ್ತ್ರದಲ್ಲಿಯೂ ಆಳವಾದ ಆಸಕ್ತಿಯಿದ್ದು, ಜೀವವನ್ನು ಬರಿಯ ಯಂತ್ರವೆನ್ನುವವರೊಡನೆ ಜೀವಮಾನವೆಲ್ಲ ವಾದಿಸಿದನು. 1934ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಆತನನ್ನು ಹುಡುಕಿಕೊಂಡು ಬಂದಿತು. 75ರ ವಯಸ್ಸಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳ ಕೆಲಸಗಾರರಿಗೆ ಸೆಕೆಯಿಂದಾಗುತ್ತಿದ್ದ ಆಘಾತವನ್ನು ನೋಡಿಬರಲು ಪರ್ಷಿಯಕ್ಕೆ ಹೋಗಿ, ಹಿಂತಿರುಗಿದ ಮೇಲೆ ನ್ಯುಮೋನಿಯಕ್ಕೆ ತುತ್ತಾಗಿ 1936ರ ಮಾರ್ಚಿನಲ್ಲಿ ಆಕ್ಸ್‌ಫರ್ಡಿನಲ್ಲಿ ದೇಹಬಿಟ್ಟನು. ಉಸಿರಿನ ಶಾಸ್ತ್ರಕ್ಕೆ ಜೀವ ತೆತ್ತವನಿಗೆ ಉಸಿರಿನ ರೋಗವೇ ಕೊನೆಯಾಯಿತು.

ಆತನು ಸಾಯುವ ಹಿಂದಿನ ವರ್ಷ, ಅರೇಬಿಯದ ಲಾರೆನ್ಸ್ ಎಂದು ಹೆಸರಾದ ಸೇನಾನಿ ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಸತ್ತನು. ಶುಶ್ರೂಷೆ ಮಾಡಿದ ವೈದ್ಯರಲ್ಲೊಬ್ಬನಾದ ಹ್ಯೂ ಕೇರ್ನ್ಸ್ ಅಂಥ ಸಾವುಗಳನ್ನು ಕುರಿತು ಅಭ್ಯಾಸಮಾಡಿ, 1941ರಲ್ಲಿ ಶಿರಸ್ತ್ರಾಣದ ಅವಶ್ಯಕತೆಯನ್ನು ಸಾರಿದನು. ಮೊದಲಿನ ಶಿರಸ್ತ್ರಾಣಗಳು ಮುಖವನ್ನು ತೆರೆದಿಟ್ಟಿದ್ದವು. 1960ರ ದಶಕದ ಕೊನೆಗೆ ಗಲ್ಲವನ್ನೂ ಮುಚ್ಚಿ ಮುಂದೆ ಗಾಜು ಇಳಿಬಿಟ್ಟ ಪೂರ್ಣ ಹೆಲ್ಮೆಟ್ ಬಂದಿತು. ತಲೆಗೆ ರಕ್ಷೆ ಹೆಚ್ಚಾಯಿತು. ಅದರೊಡನೆ ಮುಳುಗುಗಾರನ ಹಳೆಯ ತೊಡಕೂ ಚಿಕ್ಕ ರೂಪದಲ್ಲಿ ಹಿಂದಿರುಗಿತು.

ಈಗ ಹಾಲ್ಡೇನನ ಪಾಠಗಳನ್ನು ನಮ್ಮ ಹೆಲ್ಮೆಟ್ಟಿಗೆ ಹೊಂದಿಸಿ ನೋಡೋಣ. ಗಾಡಿ ಓಡುತ್ತಿರುವಾಗ ಮುಂದಿನ ಗಾಳಿಕಂಡಿಗಳ ಮೇಲೆ ಗಾಳಿ ಒತ್ತುತ್ತದೆ, ಹಿಂದಿನ ಕಂಡಿಗಳ ಬಳಿ ಒತ್ತಡ ತಗ್ಗುತ್ತದೆ. ಹೀಗಾಗಿ ಒಳಗಿನ ಗಾಳಿ ತಾನಾಗಿ ಬದಲಾಗುತ್ತದೆ. ಇಲ್ಲಿ ನಮ್ಮ ವೇಗವೇ ಪಂಪು. ಸಿಗ್ನಲ್ಲಿನಲ್ಲಿ ನಿಂತೊಡನೆ ಪಂಪು ನಿಲ್ಲುತ್ತದೆ. ಗಾಜು ಮುಚ್ಚಿಕೊಂಡು ನಿಂತರೆ, ಬಿಟ್ಟ ಉಸಿರನ್ನೇ ಸ್ವಲ್ಪ ಸ್ವಲ್ಪ ತಿರುಗಿ ಸೇದುತ್ತೇವೆ. ಹೊರಗೆ ಹತ್ತುಸಾವಿರಕ್ಕೆ ನಾಲ್ಕು ಭಾಗದಷ್ಟಿರುವ ಇಂಗಾಲಾಮ್ಲ ಒಳಗೆ ನೂರಕ್ಕೆ ಒಂದನ್ನೂ ದಾಟಬಲ್ಲದು. ಬೆವರೂ ಆರದು, ಗಾಜಿಗೂ ಮಂಜು ಕವಿಯುವುದು. ಇದಕ್ಕೆ ಪರಿಹಾರ ಹೆಲ್ಮೆಟ್ಟನ್ನು ಕಳಚುವುದಲ್ಲ; ನಿಂತಾಗ ಗಾಜನ್ನು ಎತ್ತುವುದು, ಧೂಳು ತುಂಬಿದ ಕಂಡಿಗಳನ್ನು ತೊಳೆದಿಡುವುದು, ಕೊಳ್ಳುವಾಗ ಕಂಡಿಗಳಿಂದ ಒಳಗಿನ ಮೆತ್ತೆಯವರೆಗೂ ಗಾಳಿಗೆ ದಾರಿಯಿದೆಯೇ ಎಂದು ನೋಡುವುದು. ಸ್ವಂತ ಬುದ್ಧಿಯಿಂದ ಚಿಪ್ಪಿಗೆ ತೂತು ಕೊರೆಯುವವನು, ಸೋರುವ ಪಂಪಿನವರಿಗಿಂತ ಹೆಚ್ಚಿನ ಅಪಾಯವನ್ನು ತಂದುಕೊಳ್ಳುತ್ತಾನೆ.

ಇದರಿಂದ ನೀಗುವುದು ನಮ್ಮ ಉಸಿರಿನ ದೋಷ ಮಾತ್ರ. ಗಾಳಿಕಂಡಿಯು ಒಳಕ್ಕೆ ತರುವುದು ಬೀದಿಯ ಗಾಳಿಯನ್ನೇ. ಮುಂದಿನ ಬಸ್ಸಿನ ಹೊಗೆಯನ್ನು ಅದು ಶೋಧಿಸಲಾರದು. ಮೂಗಿಗೆ ಕಟ್ಟಿದ ಕರವಸ್ತ್ರವೂ ಮಾನಾಕ್ಸೈಡನ್ನು ತಡೆಯದು. ಹೆಲ್ಮೆಟ್ಟಿನೊಳಗೆ ಉಸಿರನ್ನು ಇನ್ನಷ್ಟು ಹಿಡಿದಿಡುವುದು. 1915ರ ಹತ್ತಿಯ ಪಟ್ಟಿಗಳ ಕಥೆಯನ್ನು ಇಲ್ಲಿ ನೆನೆಯಬೇಕು. ಸವಾರನಿಗೆ ಆಗುವಷ್ಟು ಎಂದರೆ, ಹೊಗೆಕೊಳವೆಯ ಹಿಂದೆಯೇ ನಿಲ್ಲದಿರುವುದು, ನಿಂತಾಗ ತನ್ನ ಎಂಜಿನ್ನನ್ನು ಆರಿಸುವುದು, ತನ್ನ ಗಾಡಿಯ ಹೊಗೆಯನ್ನು ಹತೋಟಿಯಲ್ಲಿಡುವುದು. ಉಳಿದುದಕ್ಕೆ ಲಂಡನ್ನಿನ ಸುರಂಗಕ್ಕೆ ಆದ ಪರಿಹಾರವೇ ಪರಿಹಾರ. ಹೊಗೆಯನ್ನು ಹುಟ್ಟುವಲ್ಲಿಯೇ ಅಡಗಿಸಬೇಕು. ನಮ್ಮ ದೇಶದಲ್ಲಿ 2020ರ ಏಪ್ರಿಲಿನಿಂದ ಹೊಸ ವಾಹನಗಳಿಗೆ ವಿಧಿಸಿದ ಬಿಗಿಯಾದ ಹೊಗೆ ನಿಯಮಗಳೂ, ರಸ್ತೆಗಿಳಿಯುತ್ತಿರುವ ವಿದ್ಯುತ್ ವಾಹನಗಳೂ ಆ ದಾರಿಯವೇ.

ಸವಾರರು ಹೆಲ್ಮೆಟ್ ಧರಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸಿದೆ; ಹಿಂದೆ ಕುಳಿತವರಿಗೂ ನಮ್ಮ ರಾಜ್ಯದಲ್ಲಿ 2016ರಿಂದ ಅದನ್ನು ಕಡ್ಡಾಯವಾಗಿ ಜಾರಿಗೆ ತರಲಾಯಿತು. ಕಾನೂನಿಗೆ ಹೆದರಿ ತಲೆಗೇರಿಸಿದ ಹೆಲ್ಮೆಟ್ಟು ಪೊಲೀಸರು ಮರೆಯಾದೊಡನೆ ಮೊಳಕೈಗೆ ಇಳಿಯುತ್ತದೆ. ಉಸಿರು ಕಟ್ಟುವ ಕಾರಣವನ್ನೂ ಅದರ ಉಪಾಯವನ್ನೂ ಅರಿತವನ ಹೆಲ್ಮೆಟ್ಟು ತಲೆಯ ಮೇಲೆಯೇ ಇರುತ್ತದೆ. ಅಂದು ಮುಳುಗುಗಾರನು ಏದುತ್ತಾನೆಂದು ಹಾಲ್ಡೇನನು ಅವನ ಶಿರಸ್ತ್ರಾಣವನ್ನು ಕಿತ್ತೆಸೆಯಲಿಲ್ಲ, ಸಮುದ್ರಕ್ಕಿಳಿಯಬೇಡವೆಂದೂ ಹೇಳಲಿಲ್ಲ. ಒಳಗಿನ ಗಾಳಿಯನ್ನು ಅಳೆದು ಪಂಪನ್ನು ಸರಿಪಡಿಸಿದನು. ನಾಳೆ ಕಾಲೇಜಿಗೆ ಹೊರಡುವಾಗ ನಮ್ಮ ಮಿತ್ರರು ಹೆಲ್ಮೆಟ್ಟಿನ ಕಂಡಿಗಳನ್ನು ಒಮ್ಮೆ ತೆರೆದು ನೋಡಿ, ಧೂಳು ಒರೆಸಿ, ಪಟ್ಟಿಯನ್ನು ಗಲ್ಲಕ್ಕೆ ಬಿಗಿದುಕೊಂಡು ಹೊರಟರೆ, ಆ ಮಹನೀಯನ ದುಡಿಮೆಗೆ ನಾವು ಸಲ್ಲಿಸುವ ಗೌರವ ಅದೇ ಆಗುತ್ತದೆ.